ತನುಜಾ ಮೇಡಂ ಅಂಚು ಕತ್ತರಿಸುವುದಿಲ್ಲ

ಸಾಗರದ ಪೇಟೆಬೀದಿಯಲ್ಲಿ ಹಾಡಹಗಲೇ ಹಿಂದುಹಿಂದಕ್ಕೆ ನಡೆಯುವ ವ್ಯಕ್ತಿ ಯಾರಾದರೂ ಇದ್ದರೆ ಅದು ತನುಜಾ ಮೇಡಂ ಒಬ್ಬರೇ. ಎಡಗೈಯಲ್ಲಿ ಹಳೆಯ ಫೋಟೋ ಹಿಡಿದು, ಎದುರಿನ ಮೊಬೈಲ್ ಅಂಗಡಿಯನ್ನೂ ಅದರ ನೆತ್ತಿಯ ಫ್ಲೆಕ್ಸನ್ನೂ ನಿಟ್ಟಿಸುತ್ತ ಅವರು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾರೆ. ಆಟೋದವರು ಹಾರ್ನ್ ಹೊಡೆಯುತ್ತಾರೆ, ಗುರುತಿನವರು ಓಡಿಬಂದು ತೋಳು ಹಿಡಿಯುತ್ತಾರೆ. "ಇರಿ ಮಾರಾಯ್ರೆ, ಫೋಟೋ ತೆಗ್ದೋನು ಇಲ್ಲೇ ಎಲ್ಲೋ ನಿಂತಿದ್ದ" ಎಂಬುದು ಅವರ ಒಂದೇ ಉತ್ತರ. ಆ ಅಜ್ಞಾತ ಛಾಯಾಗ್ರಾಹಕ ನಿಂತ ನೆಲ ಸಿಕ್ಕಿತೆಂದರೆ, ಆಪ್ತರೊಬ್ಬರ ಮನೆಯ ಜಗಲಿ ಹತ್ತಿದವರ ಪ್ರಸನ್ನತೆ ಅವರ ಮುಖದಲ್ಲಿ ಮೂಡುತ್ತದೆ.

ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಕೃಶಾಂಗಿ. ಸೀರೆಯ ಮೇಲೊಂದು ಕಂದು ಕೋಟು. ಅದರ ಜೇಬುಗಳನ್ನು ದರ್ಜಿಯ ಎದುರು ಕೂತು ಪೋಸ್ಟ್‌ಕಾರ್ಡಿನ ಅಳತೆಗೇ ಹೊಲಿಸಿದ್ದಾರೆ. ಜೋಗ ಜಲಪಾತದ ಚಿತ್ರವಿರುವ ಹಳೆಯ ಕಾರ್ಡುಗಳೇ ಅವರಲ್ಲಿ ರಾಶಿಯಿವೆ. ಅವುಗಳಲ್ಲೊಂದರ ಬೆನ್ನಿಗೆ ಯಾರೋ, ಜಲಪಾತದ ವೈಭವದ ಬಗ್ಗೆ ಚಕಾರವೆತ್ತದೆ, "ಜ್ವರ ಬಿಟ್ಟಿದೆ. ನಿಮ್ಮಲ್ಲಿ ಕೊಡೆ ಮರೆತು ಬಂದೆ, ಕಳಿಸಿಕೊಡಿ" ಎಂದು ಬರೆದಿದ್ದಾನೆ. ಅದನ್ನು ನನಗೆ ತೋರಿಸಿದ ದಿನ ಮೇಡಂ ನಿಜಕ್ಕೂ ಚಿಂತೆಯಲ್ಲಿದ್ದರು. "ಆ ಕೊಡೆ ಅವನಿಗೆ ಸಿಕ್ತೋ ಇಲ್ವೋ?" ನಾನು ನಕ್ಕೆ, ಅವರು ನಗಲಿಲ್ಲ.

ಅವರ ಹಟಗಳಲ್ಲೆಲ್ಲ ದೊಡ್ಡದು ಅಂಚಿನದು. ಫೋಟೋದ ನಡುವೆ ಠೀವಿಯಿಂದ ಕೂತವರನ್ನು ಅವರು ಕಡೆಗೆ ನೋಡುತ್ತಾರೆ. ಮೊದಲು ಭೂತಗನ್ನಡಿ ಹರಿಯುವುದು ನಾಲ್ಕು ಅಂಚುಗಳ ಗುಂಟ. ಮದುವೆಯ ಗುಂಪುಚಿತ್ರವೊಂದರ ಅಂಚಿನಲ್ಲೇ ಅವರು ಪೇಟೆಯ ಕಾಣೆಯಾದ ಬಾವಿಯನ್ನು ಪತ್ತೆಹಚ್ಚಿದ್ದು, ಗಂಧದ ಕೆತ್ತನೆಯ ಗುಡಿಗಾರರೊಬ್ಬರು ಕೊರಡಿನ ತುಂಡಿನ ಮುಂದೆ ತೂಕಡಿಸುತ್ತಿದ್ದುದನ್ನು ಕಂಡದ್ದು. ಪ್ರದರ್ಶನಕ್ಕೆಂದು ಯಾರು ಚಿತ್ರ ಕೊಟ್ಟರೂ ಅದರ ಅಂಚನ್ನು ಎಳೆಯಷ್ಟೂ ಅವರು ಕತ್ತರಿಸಗೊಡರು.

ಕಳೆದ ವರ್ಷ ಈ ಹಟಕ್ಕೊಂದು ಪರೀಕ್ಷೆ ಬಂತು. ಸಾಗರ ಸೀಮೆಯ ಹಳೆಯ ಚಿತ್ರಗಳ ಪ್ರದರ್ಶನಕ್ಕೆ ಸಿದ್ಧತೆ ನಡೆದಿತ್ತು, ನಾನೂ ಕೈಜೋಡಿಸಿದ್ದೆ. ತೀರ್ಥಹಳ್ಳಿಯ ವ್ಯಾಪಾರಿ ಹೇರಂಬರಾಯರು ತಮ್ಮ ಅಜ್ಜನ ಆಲ್ಬಂ ತಂದರು. ಶರಾವತಿಯ ಹಿನ್ನೀರಿನಲ್ಲಿ ಮುಳುಗಿಹೋದ, ಹೊಸನಗರದ ಕಡೆಯ ಅವರ ಮೂಲ ಊರಿನ ಚಿತ್ರಗಳು ಮತ್ತೆಲ್ಲೂ ಇರಲಿಲ್ಲ. ಅವುಗಳಲ್ಲಿ ಶ್ರೇಷ್ಠವಾದದ್ದು, ಊರು ಬಿಡುವ ಮುನ್ನ ಅಂಗಳದಲ್ಲಿ ತೆಗೆಸಿದ ಕುಟುಂಬದ ಚಿತ್ರ. ನಡುವೆ ಕುರ್ಚಿಗಳಲ್ಲಿ ಅಜ್ಜ, ಅಜ್ಜಿ. ಬಲದ ಅಂಚಿನಲ್ಲಿ, ಕೂಸನ್ನು ಸೊಂಟಕ್ಕೇರಿಸಿಕೊಂಡು, ಅರ್ಧ ಮಾತ್ರ ಚಿತ್ರದೊಳಗೆ ಬಂದ ಒಬ್ಬ ಹೆಣ್ಣು.

"ಅದು ಯಾರೋ ಕೆಲಸದೋಳು ಮೇಡಂ, ಕಟ್ ಮಾಡ್ಸಿಬಿಡಿ. ಫ್ಯಾಮಿಲಿ ಫೋಟೋ ಅಲ್ವಾ?" ಎಂದರು ರಾಯರು.

"ಕತ್ತರಿಸಿ ಹಾಕೋದಾದ್ರೆ ನಂಗೆ ಆ ಫೋಟೋನೇ ಬೇಡ."

"ಹಂಗಾದ್ರೆ ಆಲ್ಬಮ್ಮೇ ವಾಪಸ್ ಕೊಡಿ."

ಆಲ್ಬಂ ಹೋದರೆ ಪ್ರದರ್ಶನದಲ್ಲಿ ಮುಳುಗಡೆಯ ಊರುಗಳಿಗೆಂದು ಮೀಸಲಿಟ್ಟ ಗೋಡೆ ಖಾಲಿಯೇ. ನಾನು ಮೇಡಂ ಕಡೆ ಕಣ್ಸನ್ನೆ ಮಾಡಿದೆ; ಅವರು ಗಮನಿಸಲೇ ಇಲ್ಲ. "ಅವಳು ಯಾರು ಅಂತ ಗೊತ್ತಾಗೋ ತನಕ ಪುರುಸೊತ್ತು ಕೊಡಿ" ಎಂದಷ್ಟೇ ಕೇಳಿಕೊಂಡರು. ಆ ಊರಿನವರು ಚದುರಿ ನೆಲೆಸಿದ ಕಡೆಗೆಲ್ಲ ಬಸ್ಸಿನಲ್ಲಿ ಸುತ್ತಿದರು. ರಾಯರ ಮನೆಯ ಗೇಣಿದಾರ ಒಕ್ಕಲಿನಲ್ಲಿ ಗಾಮಮ್ಮನೆಂಬ ಚಿಕ್ಕಪ್ರಾಯದ ತಾಯಿಯೊಬ್ಬಳಿದ್ದಳೆಂದೂ, ಊರು ಬಿಟ್ಟ ಮರುವರ್ಷವೇ ತೀರಿಕೊಂಡಳೆಂದೂ, ಅವಳ ಮಗಳು ಮೂಕಮ್ಮ ಆನಂದಪುರದಲ್ಲಿರುವಳೆಂದೂ ತಿಳಿಯಿತು. ಅಲ್ಲಿಗೆ ಹೊರಟ ದಿನ ಮೇಡಂ ರಾಯರನ್ನೂ ಬಿಡಲಿಲ್ಲ. ಅವರು ಗೊಣಗುತ್ತಲೇ ತಮ್ಮ ಕಾರಿನಲ್ಲಿ ನಮ್ಮಿಬ್ಬರನ್ನೂ ಕರೆದೊಯ್ದರು.

ಮೂಕಮ್ಮ ಅರುವತ್ತು ದಾಟಿದ, ಮಾತಿನಲ್ಲಿ ಚುರುಕಾದ ಹೆಂಗಸು. ಫೋಟೋ ಕೈಗೆ ಕೊಟ್ಟೊಡನೆ ಆ ಚುರುಕು ಅಡಗಿತು. ಹತ್ತಿರ ಹಿಡಿದು, ದೂರ ಹಿಡಿದು ನೋಡಿ ಹೇಳಿದರು: "ಇವ್ಳು ನಮ್ಮವ್ವನೋ ಅಲ್ವೋ ನಂಗೆ ಹೆಂಗೆ ಗೊತ್ತಾಗ್ತದೆ ಅಮಾ? ಅವ್ಳ ಮುಖಾನೇ ನಂಗೆ ನೆನಪಿಲ್ಲ."

ತನುಜಾ ಮೇಡಂ ಹೌದೆಂದು ಹೇಳಿಬಿಟ್ಟಿದ್ದರೆ ಆ ಮಗಳು ನಂಬುತ್ತಿದ್ದರು, ಅವರು ಹೇಳಲಿಲ್ಲ. ಅಷ್ಟರಲ್ಲಿ ಮೂಕಮ್ಮನೇ ಒಳಗಿನಿಂದ ತಮ್ಮ ಸೋದರಮಾವನನ್ನು, ಗಾಮಮ್ಮನ ತಮ್ಮ ಜಟ್ಟಪ್ಪನವರನ್ನು, ಕೈಹಿಡಿದು ಕರೆತಂದರು. ಎಂಬತ್ತು ದಾಟಿದ ಮುದುಕ ಭೂತಗನ್ನಡಿಯ ಮೇಲೆ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಅಕ್ಕನೇ. ಯಾರಾದ್ರೂ ನೋಡಿದ್ರೆ ಸಾಕು, ಹಿಂಗೇ ಸೆರಗು ಬಾಯಿಗೆ ಹಿಡ್ಕಂತಿದ್ಲು. ಸೊಂಟದ ಮೇಲಿರಾದು ನೀನೇ ಕಣೆ ಮೂಕಿ."

ಆಮೇಲೆ ಅವರು ಆ ದಿನದ ಕಥೆ ಹೇಳಿದರು. ಎಲ್ಲರೂ ಅಣಿಯಾಗಿ ಕೂತ ಮೇಲೆ ರಾಯರ ಅಜ್ಜಿ, "ಗಾಮಾ, ನೀನೂ ಬಾರೆ, ಕೂಸನ್ನ ಎತ್ಕೊಂಡು ಬಾ" ಎಂದು ಕರೆದರಂತೆ. ಅವಳು ಸಂಕೋಚದಿಂದ ಬರುತ್ತಿರುವಾಗ ಫೋಟೋದವನು ಆಚೆ ಸರಿಯೆಂದು ಕೈ ಬೀಸಿದನಂತೆ. "ಅಮ್ಮೋರು ಕರೀತಾರೆ, ಇವ ಹೋಗು ಅಂತಾನೆ. ಅವ್ಳು ನಿಂತಲ್ಲೇ ನಿಂತ್ಲು."

ಹೇರಂಬರಾಯರು ಕುರ್ಚಿ ಬಿಟ್ಟೆದ್ದು ಫೋಟೋವನ್ನು ಮೊದಲ ಬಾರಿಗೆ ನೋಡುವವರಂತೆ ನೋಡಿದರು. ಅಜ್ಜಿಯ ಮುಖ ಕ್ಯಾಮರಾದ ಕಡೆಗಿರಲಿಲ್ಲ. ತುಸು ಬಲಕ್ಕೆ, ಗಾಮಮ್ಮನ ಕಡೆಗೆ ತಿರುಗಿತ್ತು. "ನಮ್ಮಜ್ಜಿ ಯಾಕೆ ಎತ್ಲಾಗೋ ನೋಡ್ತಿದಾರೆ ಅಂತ ಮನೇಲಿ ಎಲ್ರೂ ತಮಾಷೆ ಮಾಡ್ತಿದ್ವಿ" ಎಂದವರು, ಫೋಟೋವನ್ನು ಮೂಕಮ್ಮನ ಕೈಗಿಟ್ಟು, "ಕತ್ತರಿಸೋದು ಬೇಡ ಮೇಡಂ" ಎಂದರು.

ಮೂಕಮ್ಮನಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಅವರು ಆ ಮುಖವನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. "ಎಷ್ಟ್ ಸಣ್ಣ ಹುಡುಗಿ ಅಮಾ ಇದು! ನನ್ ಮಗಳಿಗಿಂತಾನೂ ಸಣ್ಣದು" ಎಂದರು, ಹೆತ್ತವ್ವನನ್ನೇ ಮಡಿಲಿಗೆಳೆದುಕೊಂಡವರ ದನಿಯಲ್ಲಿ. ತನುಜಾ ಮೇಡಂ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸತೊಡಗಿದರು. ಒರೆಸಿ ಹಾಕಿಕೊಂಡಷ್ಟೂ ಅದು ಮತ್ತೆ ಮಂಜಾಗುತ್ತಿತ್ತು.

ಪ್ರದರ್ಶನದಲ್ಲಿ ಆ ಚಿತ್ರ ಇಡಿಯಾಗಿ ತೂಗಿತು. ಅದರ ಕೆಳಗೆ, ಕುರ್ಚಿಗಳಲ್ಲಿ ಕೂತವರ ಹೆಸರುಗಳು, ಅದೇ ಸಾಲಿನಲ್ಲಿ, ಅದೇ ಅಕ್ಷರಗಳಲ್ಲಿ, ಗಾಮಮ್ಮ ಮತ್ತು ಮಗಳು ಮೂಕಮ್ಮ. ಮೂಕಮ್ಮ ಹೊಸ ಸೀರೆಯುಟ್ಟು ಮೊಮ್ಮಕ್ಕಳ ಸಮೇತ ಬಂದಿದ್ದರು. ರಾಯರು ತಾವೇ ಮುಂದಾಗಿ ಬಂದವರಿಗೆಲ್ಲ ಆ ಕೂಸು ಇವರೇ ಎಂದು ತೋರಿಸುತ್ತಿದ್ದರು. ಮೇಡಂ ಮಾತ್ರ ಪಕ್ಕದ ಚಿತ್ರದ ಅಂಚಿನಲ್ಲಿ ಮುಳುಗಿದ್ದರು. ಅಲ್ಲಿ ಇನ್ಯಾರದೋ ಮೊಣಕೈ ಕಂಡಿತ್ತು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಗತವೈಭವದ ಭಜನೆ ಅವರಿಗೆ ಒಗ್ಗದು. ಇಲ್ಲಿ ಬದುಕಿದ ಜೀವವೊಂದು ಯಾರೆಂದು ಒಬ್ಬರೂ ಕೇಳದೆಯೇ ಮರೆಯಾಯಿತಲ್ಲ ಎಂಬ ಕಳವಳವೇ ಅವರನ್ನು ಬೀದಿಬೀದಿ ಅಲೆಸುತ್ತದೆ. ಚರಿತ್ರೆಯೆಂದರೆ ಅವರ ಪಾಲಿಗೆ ದೊಡ್ಡ ಕುಟುಂಬವೊಂದರ ಊಟದ ಪಂಕ್ತಿಯಿದ್ದಂತೆ: ಬಂದವರಲ್ಲಿ ಒಬ್ಬರಿಗೆ ಎಲೆ ಹಾಕಲು ಮರೆತಿದ್ದರೂ ಇಂಥವರಿಗೆ ಉಂಡೆದ್ದು ಕೈತೊಳೆಯುವ ಮನಸ್ಸಾಗುವುದಿಲ್ಲ.