ಹೊರಕ್ಕೆ ತೆರೆಯುವ ಬಾಗಿಲು

ಮದುವೆಯಾದಾಗಿನಿಂದ ನಾನು ಬಾಡಿಗೆ ಮನೆಗಳ ಮೆಟ್ಟಿಲ ಮೇಲೆ ಕೂತು ಬೈಸಿಕೊಂಡವಳು. ಸಂಜೆ ಸೊಪ್ಪು ಬಿಡಿಸೋಣ ಅಂತ ಕೂತರೆ ಸಾಕು, ಓನರ್ ಆಂಟಿ ಮೇಲಿನಿಂದ ಇಣುಕಿ, ದಾರಿಗೆ ಅಡ್ಡ ಕೂರಬೇಡ ಅನ್ನುವರು. ಒಬ್ಬರಲ್ಲ, ಸಿಕ್ಕಿದ ಓನರ್‌ಗಳದೆಲ್ಲ ಅದೇ ರಾಗ. ಅದಕ್ಕೇ ಬಾಗಲಗುಂಟೆಯಲ್ಲಿ ನಮ್ಮದೇ ಸೈಟಿಗೆ ಪಾಯ ತೆಗೆದ ದಿನವೇ ಹೇಳಿಬಿಟ್ಟೆ. ಗ್ರಾನೈಟ್ ಬೇಡ, ಫಾಲ್ಸ್ ಸೀಲಿಂಗ್ ಬೇಡ, ಬಾಗಿಲ ಪಕ್ಕ ಒಂದು ಜಗಲಿ ಬೇಕು.

ನನ್ನ ಗಂಡ ರಘುನಾಥ್ ಕಿವಿಗೇ ಹಾಕಿಕೊಳ್ಳಲಿಲ್ಲ. ಮನೆ ಮುಂದೆ ಉಳಿಯುವುದೇ ಇಷ್ಟಗಲ ಜಾಗ, ಅಲ್ಲಿ ಅವರ ಬುಲೆಟ್ ನಿಲ್ಲಬೇಕಂತೆ. ಬೀದಿಯಲ್ಲಿ ಬಿಟ್ಟರೆ ಅದರ ಬಣ್ಣ ಹೋಗುತ್ತದಂತೆ. ಹೆಂಡತಿಯ ಬಣ್ಣ ಹೋದರೆ ಯಾರಿಗೆ ಚಿಂತೆ? ಅತ್ತೆ ಗೋಪಾಲಮ್ಮನವರನ್ನು ಕೇಳಿದೆ. ಹುಣಸಮಾರನಹಳ್ಳಿಯಲ್ಲಿ ಜಗಲಿಯ ಮೇಲೇ ಬೆಳೆದ ಹೆಂಗಸು, ಮಗ ಹೇಳಿದಂತೆ ಆಗಲಿ ಬಿಡು ಅಂದು ಎಲೆಅಡಿಕೆ ಬಾಯಿಗಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ದಿನಾ ಬೆಳಗ್ಗೆ ಪಾಯಕ್ಕೆ ನೀರು ಹೊಡೆಯಲು ನಾನು ಪೈಪು ಹಿಡಿದರೆ ನಲ್ಲಿ ತಿರುಗಿಸುವವರು ಅತ್ತೆಯೇ. ಮುಖ ಊದಿಸಿಕೊಂಡೇ ಮನೆ ನೆನೆಸಿದೆ.

ಬಾಗಿಲು ನಿಲ್ಲಿಸುವ ದಿನ ಬಂತು. ನಮ್ಮಲ್ಲಿ ತಲೆಬಾಗಿಲಿನ ಚೌಕಟ್ಟನ್ನು ಪೂಜೆ ಮಾಡಿ ಮನೆಯವರೇ ಎತ್ತಿ ನಿಲ್ಲಿಸಬೇಕು. ನಿಂತ ಮೇಲೆ ಅಲ್ಲಾಡಿಸುವ ಹಾಗಿಲ್ಲ. ಬಡಗಿ ಹಬೀಬುಲ್ಲಾ ಚೌಕಟ್ಟು ಇಳಿಸಿ ಮೊಳೆ ತರಲು ಹೋಗಿದ್ದರು. ಪುರೋಹಿತರಿಗೆ ಹೆಬ್ಬಾಳದಲ್ಲಿ ಇನ್ನೊಂದು ಪೂಜೆ, ವಾಚ್ ನೋಡುತ್ತಲೇ ಮಂತ್ರ. ಅತ್ತೆ ಅರಿಶಿನ ಕುಂಕುಮ ಹಚ್ಚುತ್ತಾ ಚೌಕಟ್ಟನ್ನು ಮೇಲಿಂದ ಕೆಳಗೆ ತಡವಿದರು.

"ಇಂಗಲ್ಲ ಕಣೋ ರಘು, ಆ ಮಗ್ಗಲಿಗೆ ತಿರುಗ್ಸು. ಬೇಗ, ಮುಹೂರ್ತ ಮೀರ್ತದೆ."

ಅಮ್ಮ ಹೇಳಿದ ಮೇಲೆ ಮುಗಿಯಿತು. ರಘುನಾಥ್, ಮೈದುನ ಸುಬ್ರಮಣಿ, ನಾನು ಸೇರಿ ತಿರುಗಿಸಿ ನಿಲ್ಲಿಸಿದೆವು. ನವಧಾನ್ಯದ ಗಂಟು ಕಟ್ಟಿ, ಕಾಯಿ ಒಡೆದು, ಆರತಿ ಎತ್ತಿದ್ದೂ ಆಯಿತು.

ಹಬೀಬುಲ್ಲಾ ಬಂದವರು ತಲೆ ಮೇಲೆ ಕೈಯಿಟ್ಟುಕೊಂಡರು. ಬಾಗಿಲು ಬಂದು ಕೂರುವ ಕಚ್ಚು ಮನೆಯ ಒಳಗಡೆಗೆ ಇರಬೇಕಿತ್ತು, ನಮ್ಮದು ಬೀದಿ ಕಡೆಗೆ ನಿಂತಿತ್ತು. ಇನ್ನು ಬಾಗಿಲು ಹೊರಕ್ಕೇ ತೆರೆಯುತ್ತದೆ ಅಂದರು. ಕೀಳೋಣವೇ ಅಂದರೆ ಅತ್ತೆ ಕಣ್ಣು ಕೆಂಪಗೆ ಮಾಡಿದರು, ಪುರೋಹಿತರು ಅಷ್ಟರಲ್ಲಿ ಸ್ಕೂಟರ್ ಹತ್ತಿಯಾಗಿತ್ತು. ಈ ವಯಸ್ಸಿನಲ್ಲಿ ಸುಮ್ಮನೆ ಒಂದು ಕಡೆ ಕೂರಬಾರದಾ ಅಂತ ಅತ್ತೆಯನ್ನು ಮನಸ್ಸಿನಲ್ಲೇ ಬೈದೆ.

ಗೋಡೆ ಎದ್ದಿತು, ಸೂರು ಏರಿತು, ಕೊನೆಗೆ ಬಾಗಿಲೂ ಕೂತಿತು. ರಘುನಾಥ್ ಗತ್ತಿನಿಂದ ಬುಲೆಟ್ಟನ್ನು ಮನೆ ಮುಂದಿನ ಜಾಗಕ್ಕೆ ತಂದು ನಿಲ್ಲಿಸಿದರು. ನಾನು ಒಳಗಿನಿಂದ ಬಾಗಿಲು ತಳ್ಳಿದೆ, ಟಕ್ ಅಂತ ಹ್ಯಾಂಡಲ್‌ಗೆ ಬಡಿಯಿತು. ಬೈಕನ್ನು ಹಿಂದಕ್ಕೆ ತಳ್ಳಿದರು, ಓರೆ ನಿಲ್ಲಿಸಿದರು, ಬಾಗಿಲಿಗೇ ಬೈದರು. ಏನು ಮಾಡಿದರೂ ಒಬ್ಬರು ಹೊರಗೆ ಬರುವಷ್ಟು ಸಂದಿ ಸಿಗಲಿಲ್ಲ. ಬುಲೆಟ್ ಬೀದಿಗಿಳಿಯಿತು. ಬಾಗಿಲು ತಾಗದ ಬಲಮಗ್ಗುಲಲ್ಲಿ ಬೈಕಿಗೆ ಸಾಕಾಗದ, ಇಬ್ಬರು ಕೂರಲು ಬೇಕಾದಷ್ಟು ಜಾಗ ಉಳಿಯಿತು. ಮಿಕ್ಕಿದ್ದ ಇಟ್ಟಿಗೆಯಲ್ಲಿ ಮೇಸ್ತ್ರಿ ಅಲ್ಲೊಂದು ಜಗಲಿ ಕಟ್ಟಿಕೊಟ್ಟರು.

ಗೃಹಪ್ರವೇಶದ ಮಾರನೆಯ ಸಂಜೆ ಅತ್ತೆಯೂ ನಾನೂ ಅಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ರಸ್ತೆಯಲ್ಲಿ ಹೋಗುವವರೆಲ್ಲ ನನ್ನನ್ನು ನೋಡಲಿ ಅನ್ನುವಷ್ಟು ಖುಷಿ ನನಗೆ.

"ಅತ್ತೆ, ಅವತ್ತು ನೀವು ಚೌಕಟ್ಟು ತಪ್ಪಾಗಿ ತಿರುಗ್ಸಿದ್ದೇ ಒಳ್ಳೇದಾಯ್ತು ನೋಡಿ."

ಅವರು ಕಾಳು ಮೊರಕ್ಕೆ ಹಾಕಿದರು.

"ತಪ್ಪಾಗಿ ಯಾಕೆ ತಿರುಗುಸ್ಲಿ? ಕಚ್ಚು ಎಲ್ಲದೆ ಅಂತ ಕೈಯಾಕಿ ನೋಡೇ ತಿರುಗ್ಸಿದ್ದು. ನನ್ ಮಗ ಮನುಸ್ರ ಮಾತಿಗೆ ಬಗ್ಗಾಕಿಲ್ಲ, ಪೂಜೆ ಆದ್ಮೇಲೆ ಬಾಯಿ ಮುಚ್ಕೊತಾನೆ. ಕಂಡೋರ ಮೆಟ್ಲ ಮೇಲೆ ಇನ್ನೆಷ್ಟು ದಿನ ಅಂತ ಕೂರ್ತೀಯ ನೀನು?"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಷ್ಟು ದಿನ ಈ ಹೆಂಗಸಿನ ಮೇಲೆ ಹಲ್ಲು ಕಡಿದಿದ್ದೆನಲ್ಲ! ಮೊರವನ್ನು ನಡುವಿನಿಂದ ತೆಗೆದು ಅವರ ಭುಜಕ್ಕೆ ಒತ್ತಿ ಕೂತೆ. ಬೀದಿಯಲ್ಲಿ ಬುಲೆಟ್ ಮೇಲಿನ ಧೂಳು ಒರೆಸುತ್ತಿದ್ದ ರಘುನಾಥ್ ತಲೆಯೆತ್ತಿ, ಅತ್ತೆ ಸೊಸೆ ಏನು ಮಸಲತ್ತು ಮಾಡುತ್ತಿದ್ದೀರಿ ಅಂತ ಕೇಳಿದರು.

"ಏನಿಲ್ಲ ರೀ," ಅಂದೆ, "ಬಾಗಿಲು ಚೆನ್ನಾಗಿ ಬಂದಿದೆ ಅಂತಿದ್ವಿ."