ಹಿಂಡದ ಸ್ಪಂಜು

ಈ ಕಥೆ ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಮೀನು ಸಾಕಿ ಪಳಗಿದವರು ಇದನ್ನು ಇನ್ನೂ ಸರಿಯಾಗಿ ಹೇಳಿಯಾರು. ಆದರೆ ಅವರು ಹೇಳುತ್ತಿಲ್ಲ. ಒಬ್ಬ ಸೊಸೆ, ಒಬ್ಬ ಮಾವ, ಎರಡು ಗಾಜಿನ ತೊಟ್ಟಿ, ಇಷ್ಟರ ನಡುವೆ ನಡೆದದ್ದು ಹಾಗೇ ಮರೆತುಹೋಗುವುದು ಬೇಡ ಎಂದು ಇಷ್ಟು ಧೈರ್ಯ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಸೊಸೆ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಆಸ್ಪತ್ರೆಯ ಹಾಸು, ಹೋಟೆಲಿನ ಮೇಜುಬಟ್ಟೆ, ಮೆಕ್ಯಾನಿಕ್ಕುಗಳ ಎಣ್ಣೆ ಕುಡಿದ ಅಂಗಿ, ಯಾವ ಕಲೆಯೂ ಅವಳ ಕೈಗೆ ಸಿಕ್ಕಿ ಉಳಿದದ್ದಿಲ್ಲ. ಇವಳ ಕೈಗೆ ಕಾಗೆ ಕೊಟ್ಟರೂ ಕೊಕ್ಕರೆ ಮಾಡಿ ವಾಪಸ್ ಕೊಡುತ್ತಾಳೆ ಎಂದು ಜೊತೆಯವರು ನಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಅಪ್ಪ ಅವಳ ಜೊತೆಯಲ್ಲೇ ಉಳಿದಿದ್ದರು. ಗಡಿಯಾರ ರಿಪೇರಿ ಮಾಡಿ ಬದುಕಿದ ಮುದುಕರು. ಈಗ ಕೈ ಸ್ವಲ್ಪ ನಡುಗುತ್ತಿತ್ತು. ಮಗನೇ ಇಲ್ಲದ ಮೇಲೆ ಮಾವ ಯಾರ ಮಾವ ಎಂದು ನೆಂಟರು ಮೂಗು ಮುರಿದರು. ಸೊಸೆ ಎಂದಿನಂತೆ ಎರಡು ತಟ್ಟೆ ಇಟ್ಟಳು.

ಗಂಡ ಬಿಟ್ಟುಹೋದದ್ದು ಮೀನುಗಳನ್ನು. ಸಣ್ಣ ತೊಟ್ಟಿಯಲ್ಲಿ ಬೆರಳುಗುರಿನಷ್ಟು ಪುಟಾಣಿಗಳು, ದೊಡ್ಡದರಲ್ಲಿ ಅಂಗೈಯುದ್ದದ ಕಿತ್ತಳೆ ಬಣ್ಣದವು. ಅವುಗಳಲ್ಲಿ ಬಾಲದ ಅಂಚು ಹರಿದ ಹಿರಿಯದಕ್ಕೆ ‘ಯಜಮಾನ’ ಎಂದು ಹೆಸರು. ಯಾರೇ ಬಾಗಿಲು ತೆರೆದು ಒಳಗೆ ಬರಲಿ, ಗಾಜಿನ ಹತ್ತಿರ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿ, ಇವರಿಂದ ಆಗುವುದೇನೂ ಇಲ್ಲ ಎಂಬಂತೆ ತಿರುಗಿ ಹೋಗುತ್ತಿತ್ತು.

ಅವರು ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಮಾರಿದರು. ಸೊಸೆ ಊರಿನ ಆಚೆ ಬದಿಯಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಆಗ ನಾದಿನಿ, ಅಂದರೆ ಮಾವನ ಮಗಳು, ಅಪ್ಪ ಇನ್ನು ತನ್ನ ಮನೆಯಲ್ಲೇ ಇರಲಿ ಎಂದು ಪಟ್ಟು ಹಿಡಿದಳು. ಅತ್ತಿಗೆ ದುಡಿಯಲು ಹೋದರೆ ಅಪ್ಪ ದಿನವಿಡೀ ಹೊಸ ಗೋಡೆಗಳ ಜೊತೆ ಮಾತಾಡಬೇಕೇ ಎಂಬುದು ಅವಳ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಮಾವ ತನ್ನ ಜೊತೆಗೇ ಬರಲಿ ಅಂದಳು ಸೊಸೆ.

ಮಾವ ಇಬ್ಬರ ಮಾತನ್ನೂ ಕೇಳಿ ಮೀಸೆ ಸವರಿಕೊಂಡರು. “ಮೊದಲು ಆ ಮೀನು ನೆಲೆ ನಿಲ್ಲಲಿ. ಹಳೇ ನೀರು ಬಿಟ್ಟು ಹೋದ ಜೀವ ಬದುಕುತ್ತೋ ಇಲ್ವೋ ನೋಡೋಣ. ಆಮೇಲೆ ನನ್ನ ಮಾತು.”

ಆ ಮಾತು ಬರೀ ಮೀನಿನದಲ್ಲ ಎಂದು ಸೊಸೆಗೆ ತಿಳಿಯಿತು. ಒಂದು ಮೀನನ್ನೂ ಸಾಯಲು ಬಿಡುವುದಿಲ್ಲ ಎಂದು ಅವಳು ಅಲ್ಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಗಂಡ ಮಾಡುತ್ತಿದ್ದದ್ದನ್ನೆಲ್ಲ ನೆನಪಿಸಿಕೊಂಡು ಮಾಡಿದಳು. ಹೊರಡುವ ಹಿಂದಿನ ದಿನ ಮೀನಿಗೆ ಊಟ ಹಾಕಲಿಲ್ಲ. ಹಾಕಿದರೆ ದಾರಿಯಲ್ಲೇ ನೀರು ಕೆಡುತ್ತದೆ. ಹಳೆಯ ನೀರನ್ನೇ ಮುಚ್ಚಳದ ಬಕೆಟ್ಟುಗಳಿಗೆ ತುಂಬಿ, ಮೇಲೆ ಗಾಳಿಗೆ ಜಾಗ ಬಿಟ್ಟು, ಮೀನು ಇಳಿಸಿದಳು. ಬಕೆಟ್ಟುಗಳಿಗೆ ಕಂಬಳಿ ಸುತ್ತಿದಳು, ಕತ್ತಲಲ್ಲಿ ಅವು ಗಾಬರಿಯಾಗುವುದು ಕಡಿಮೆ. ನೀರಿದ್ದ ತೊಟ್ಟಿ ಎತ್ತಿದರೆ ಗಾಜು ಬಿರಿಯುತ್ತದೆಂದು ಪೂರ್ತಿ ಬರಿದು ಮಾಡಿದಳು. ಸಾಮಾನು ಸಾಗಿಸುವ ಲಾರಿಯವನು, ಹಾಸಿಗೆಗಿಂತ ಮೀನಿಗೇ ಇಷ್ಟು ಉಪಚಾರವೇ, ನಮಗೂ ಒಂದು ಕಂಬಳಿ ಸುತ್ತಿ ಅಂದ. ಲಾರಿ ನಿಧಾನಕ್ಕೆ ಓಡಿಸಿದರೆ ಸುತ್ತುತ್ತೇನೆ ಅಂದಳು. ಮಾವ ಮುಂದಿನ ಸೀಟಿನಲ್ಲಿ ಯಜಮಾನನ ಬಕೆಟ್ಟನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತರು.

ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ತೊಟ್ಟಿಯ ಫಿಲ್ಟರಿನೊಳಗೆ ಸ್ಪಂಜು ಇರುತ್ತದಲ್ಲ, ಅದು ಕಂದು ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿತ್ತು. ಹೊಸ ಮನೆಗೆ ಹಳೆಯ ಕೊಳೆ ಯಾಕೆ ಎಂದು ಲಾಂಡ್ರಿಯ ಕೈ ಸುಮ್ಮನಿರಲಿಲ್ಲ. ಎರಡೂ ಸ್ಪಂಜುಗಳನ್ನು ನಲ್ಲಿಯ ಕೆಳಗೆ ತಿಕ್ಕಿ, ಬಿಸಿನೀರಲ್ಲಿ ಅದ್ದಿ, ಹಿಂಡಿ ಹಿಂಡಿ, ಬಿಸಿಲಲ್ಲಿ ಒಣಗಿಸಿ, ಅಂಗಡಿಯಿಂದ ಆಗತಾನೇ ತಂದಂತೆ ಮಾಡಿಟ್ಟಳು. ಅದನ್ನು ನೋಡಿ ಅವಳಿಗೇ ಹೆಮ್ಮೆಯಾಯಿತು.

ಹೊಸ ಮನೆಯಲ್ಲಿ ಮೀನುಗಳು ಮೊದಲು ಚೆನ್ನಾಗಿಯೇ ಓಡಾಡಿದವು. ಮಾವನ ಟ್ರಂಕು ಮಾತ್ರ ಬಾಗಿಲ ಪಕ್ಕದಲ್ಲಿ ಬೀಗ ಹಾಕಿದಂತೆಯೇ ಕೂತಿತ್ತು. ಅಂಗಿ ಬೇಕಾದರೆ ಅವರು ಕೈಚೀಲದಿಂದ ತೆಗೆಯುತ್ತಿದ್ದರು.

ವಾರ ತುಂಬುವ ಮೊದಲೇ ನೀರು ಹಾಲು ಬೆರೆಸಿದಂತೆ ಮಂಕಾಯಿತು. ಪುಟಾಣಿಗಳಲ್ಲಿ ಎರಡು ಸತ್ತು ತೇಲಿದವು. ಯಜಮಾನ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿತ್ತು. ಯಾರು ಒಳಗೆ ಬಂದರೂ ತಿರುಗಿ ನೋಡುತ್ತಿರಲಿಲ್ಲ. ಸೊಸೆ ಕೊಳೆಯೇ ಕಾರಣವೆಂದು ತಿಳಿದು ತಳದ ಕಲ್ಲುಗಳನ್ನೆಲ್ಲ ತೆಗೆದು ಬೆಳ್ಳಗೆ ತೊಳೆದಳು. ಮರುದಿನಕ್ಕೆ ಇನ್ನಷ್ಟು ಕೆಟ್ಟಿತು. ಮಾವ ಸತ್ತವನ್ನು ಕಾಗದದಲ್ಲಿ ಸುತ್ತಿ ಹೊರಗೆ ಒಯ್ದರು. ವಾಪಸ್ ಬರುವಾಗ ಟ್ರಂಕಿನ ಬೀಗವನ್ನು ಒಮ್ಮೆ ಎಳೆದು ನೋಡಿದರು, ಭದ್ರವಾಗಿದೆಯೇ ಎಂದು.

ಆ ಎಳೆತದ ಸದ್ದು ಅವಳಿಗೆ ಕೇಳಿಸಿತು. ಕೆಲಸಕ್ಕೆ ರಜೆ ಹೇಳಿ, ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಮೀನಿನ ಅಂಗಡಿಗೆ ಓಡಿದಳು.

ಅಂಗಡಿಯವನು ನೀರು ನೋಡಲೇ ಇಲ್ಲ. ಸ್ಪಂಜು ಏನು ಮಾಡಿದಿರಿ ಎಂದು ಕೇಳಿದ. ಅವಳು ಹೇಳುತ್ತ ಹೋದಂತೆ ಅವನ ಮುಖ ಇಳಿಯಿತು. ಆ ಕೊಳೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಮೀನು ಹೊರಹಾಕಿದ ವಿಷವನ್ನು ತಿಂದು ನೀರನ್ನು ಬದುಕಿಸುವುದು ಅವೇ, ನೀವು ಮನೆ ಕಾಯುವವರನ್ನೇ ಮನೆಯಿಂದ ಆಚೆ ಹಾಕಿದ್ದೀರಿ ಎಂದ. ದಿನವೂ ಸ್ವಲ್ಪ ಸ್ವಲ್ಪ ನೀರು ಬದಲಿಸಿ, ಊಟ ನಿಲ್ಲಿಸಿ, ಆದರೆ ಬೇಗ ಸರಿಹೋಗಬೇಕಾದರೆ ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜು ಬೇಕು. ತನ್ನ ಅಂಗಡಿಯದನ್ನು ಕೊಡಲಾರೆ, ಮೀನಿಗೆ ಹುಣ್ಣಿನ ಕಾಯಿಲೆ ಬಂದು ಔಷಧಿ ಹಾಕಿದ್ದೇನೆ ಎಂದ.

ಅಂಥ ತೊಟ್ಟಿ ಅವಳಿಗೆ ಗೊತ್ತಿದ್ದದ್ದು ಒಂದೇ. ಗಂಡ ತಂಗಿಗೆಂದು ಇದೇ ಮೀನಿನ ಮರಿಗಳನ್ನು ಹಾಕಿ ಕೊಟ್ಟಿದ್ದ ತೊಟ್ಟಿ. ನಾದಿನಿಯ ಮನೆಗೆ ಹೋದಾಗಲೆಲ್ಲ, ಇದು ತೊಟ್ಟಿಯೋ ಚರಂಡಿಯೋ ಎಂದು ಹತ್ತು ಜನರ ಮುಂದೆ ತಾನೇ ಹೇಳಿ ನಗಿಸಿದ್ದಳು. ಈಗ ಆ ಚರಂಡಿಯ ಮುಂದೆಯೇ ಕೈಯೊಡ್ಡಬೇಕು. ಒಡ್ಡಿದರೆ, ಮೀನನ್ನೇ ಉಳಿಸಲಾಗದವಳು ಅಪ್ಪನನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂಬ ಮಾತಿಗೆ ತಾನೇ ಬಾಗಿಲು ತೆರೆದಂತೆ. ಬಸ್ ಸ್ಟಾಪಿನಲ್ಲಿ ಒಂದು ಬಸ್ಸನ್ನು ಸುಮ್ಮನೆ ಬಿಟ್ಟಳು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಮುಂದಿನದನ್ನು ಹತ್ತಿದಳು.

ನಾದಿನಿ ಬಾಗಿಲಲ್ಲೇ ಅಪ್ಪ ಹೇಗಿದ್ದಾರೆ ಎಂದು ಕೇಳಿದಳು. ಸೊಸೆ ಸುತ್ತಿಬಳಸಲಿಲ್ಲ. ತಾನು ಮಾಡಿದ ತಪ್ಪು, ಸತ್ತ ಮೀನು, ಅಂಗಡಿಯವನ ಮಾತು, ಎಲ್ಲವನ್ನೂ ನಿಂತಲ್ಲೇ ಒಪ್ಪಿಸಿದಳು.

ನಾದಿನಿ ಸೊಂಟದ ಮೇಲೆ ಕೈಯಿಟ್ಟಳು. “ನಮ್ಮನೆ ಚರಂಡಿ ನೀರು ನಿಮ್ಮನೆಗೆ ಆಗುತ್ತಾ ಅತ್ತಿಗೆ?”

“ಅದೇ ಬೇಕು ಅಂತ ಬಂದಿದೀನಿ. ಎಷ್ಟು ಬೈತೀಯೋ ಬೈದು ಕೊಡು.”

“ಮತ್ತೆ ಅಪ್ಪನ ವಿಷಯ?”

“ಮಾವನ ಮಾತನ್ನ ಮಾವನೇ ಹೇಳಲಿ ಪುಟ್ಟಿ. ನಾನೂ ಹೇಳಲ್ಲ, ನೀನೂ ಹೇಳಬೇಡ. ಈಗ ಮೀನು ಸಾಯ್ತಾ ಇದೆ.”

ನಾದಿನಿ, ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಬನ್ನಿ ಎಂದು ಗೊಣಗುತ್ತ ತೋಳೇರಿಸಿ ತೊಟ್ಟಿಗೆ ಕೈ ಹಾಕಿದಳು. ಸ್ಪಂಜು ಹೊರಗೆ ಬಂತು, ಕಪ್ಪು ಕಪ್ಪಾಗಿ, ತೊಟ್ಟಿಕ್ಕುತ್ತ. ತನ್ನ ಮೀನಿಗೂ ಬೇಕೆಂದು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದಳು. ನೆಲದ ಮೇಲೆ ನೀರು ಸುರಿಯುವುದನ್ನು ಕಂಡು, ಅಭ್ಯಾಸಬಲದಿಂದ ಅದನ್ನು ಮುಷ್ಟಿಯಲ್ಲಿ ಹಿಡಿದಳು.

“ಹಿಂಡಬೇಡ,” ಅಂದಳು ಸೊಸೆ. “ಹಾಗೇ ಕೊಡು.”

ಬದುಕಿಡೀ ಹಿಂಡಿದವಳ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನಾದಿನಿ ನಕ್ಕುಬಿಟ್ಟಳು. ತೊಟ್ಟಿಯ ನೀರಿನಲ್ಲೇ ಮುಳುಗಿಸಿ ಡಬ್ಬಿಯಲ್ಲಿಟ್ಟುಕೊಂಡು ಇಬ್ಬರೂ ಬಸ್ ಹತ್ತಿದರು. ವಾಸನೆಗೆ ಪಕ್ಕದವರು ಎದ್ದು ಹೋದರು. ಅಷ್ಟು ಜಾಗ ಸಿಕ್ಕಿತಲ್ಲ ಎಂದು ನಾದಿನಿ ಡಬ್ಬಿಯನ್ನು ಖಾಲಿ ಸೀಟಿನ ಮೇಲಿಟ್ಟಳು.

ಮನೆಗೆ ಬಂದರೆ ಮಾವ ಪೈಪಿನ ಒಂದು ತುದಿ ತೊಟ್ಟಿಗಿಳಿಸಿ ಇನ್ನೊಂದನ್ನು ಬಕೆಟ್ಟಿಗೆ ಹಿಡಿದು ನೀರು ಇಳಿಸುತ್ತಿದ್ದರು. ಕೈ ನಡುಗಿ ಅರ್ಧ ನೆಲಕ್ಕೆ ಹೋಗಿತ್ತು. ಮಗಳನ್ನು ಕಂಡು ತಲೆಯಾಡಿಸಿದರು, ಪೈಪು ಬಿಡಲಿಲ್ಲ. ಸೊಸೆ ಆ ಅರ್ಧ ಸ್ಪಂಜನ್ನು ಮತ್ತೆ ಎರಡು ಮಾಡಿ ಎರಡೂ ಫಿಲ್ಟರಿಗೆ ಹಾಕಿದಳು.

ಅಂದಿನಿಂದ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ನೀರು ಬದಲಿಸಿದಳು. ನಲ್ಲಿಯ ನೀರಿನ ಔಷಧಿ ವಾಸನೆ ಹೋಗಲೆಂದು ಹಿಂದಿನ ದಿನವೇ ಬಕೆಟ್ಟುಗಳಲ್ಲಿ ತುಂಬಿಡುತ್ತಿದ್ದಳು. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೈಪು ಹಿಡಿಯುವುದು ಮಾವನ ಕೆಲಸವಾಯಿತು. ತೊಳೆಯಬೇಕೆಂದು ಕೈ ತುರಿಸಿದಾಗಲೆಲ್ಲ ಅವಳು ಹೋಗಿ ತನ್ನ ಸೀರೆ ಒಗೆದಳು. ಇನ್ನೊಂದು ಪುಟಾಣಿ ಸತ್ತಿತು. ಅವಳು ಅಳಲಿಲ್ಲ, ಬಕೆಟ್ಟು ಎತ್ತಿದಳು.

ಒಂದು ಸಂಜೆ ಬಾಗಿಲು ತೆರೆದು ಒಳಗೆ ಬಂದಾಗ ತಿಳಿನೀರಿನಲ್ಲಿ ಯಜಮಾನ ಗಾಜಿನ ಹತ್ತಿರ ಬಂದು, ಅವಳನ್ನು ಮೇಲಿಂದ ಕೆಳಗೆ ನೋಡಿ, ತಿರುಗಿ ಹೋಯಿತು. ಚೀಲ ಕೈಯಲ್ಲೇ ಇಟ್ಟುಕೊಂಡು ಅವಳು ನೆಲದ ಮೇಲೆ ಕೂತುಬಿಟ್ಟಳು.

ಭಾನುವಾರ ನಾದಿನಿ ಬಂದು, ತನ್ನ ಮನೆಗೆ ಬರುತ್ತೀರಾ ಎಂದು ಅಪ್ಪನನ್ನು ನೇರವಾಗಿಯೇ ಕೇಳಿದಳು. ಮಾವ ಪೈಪಿನಿಂದ ಕಣ್ಣೆತ್ತದೆ, “ಈ ಪೈಪು ಹಿಡಿಯೋರು ಯಾರಮ್ಮ ಮತ್ತೆ? ನೀನೇ ವಾರಕ್ಕೊಂದ್ಸಲ ಬಾ,” ಅಂದರು. ಆಮೇಲೆ ಟ್ರಂಕಿನ ಬೀಗ ತೆಗೆದು, ಗಡಿಯಾರದ ಸಣ್ಣ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದರು.

ಮೀನು ಉಳಿದದ್ದು ಸ್ಪಂಜಿನಿಂದಲೋ ದಿನವೂ ಬದಲಿಸಿದ ನೀರಿನಿಂದಲೋ ಗೊತ್ತಿಲ್ಲ. ಅಂಗಡಿಯವನೂ ಎರಡೂ ಇರಬಹುದು ಎಂದನಷ್ಟೆ. ಯಜಮಾನ ಸತ್ತಿದ್ದರೆ ಮಾವ ಹೋಗಿಬಿಡುತ್ತಿದ್ದರೇ ಎಂಬುದೂ ಗೊತ್ತಿಲ್ಲ. ಸೊಸೆ ಕೇಳಲಿಲ್ಲ, ಅವರು ಹೇಳಲಿಲ್ಲ.