ಆರು ಹಸಿರು ಬಳೆ

ಕಾಕಾನ ಬೆರಳಿಗೆ ತಂಬಾಕು-ಸುಣ್ಣದ ವಾಸನೆ, ಅದು ಈಗ ತನ್ನ ಮಣಿಕಟ್ಟಿಗೂ ಹತ್ತಿತು ಎಂದುಕೊಂಡಳು ಸುಧಾರಾಣಿ, ಎಂಥ ಹೊತ್ತಿನಲ್ಲಿ ಎಂಥ ಯೋಚನೆ, ಗುಡಗೇರಿ ಸ್ಟೇಶನ್ನಿನಲ್ಲಿ ಅಷ್ಟು ಮಂದಿ ನೋಡುತ್ತಿದ್ದಾರೆ, ಕುಂದಗೋಳದ ಗಾಡಿ ಬಂದು ನಿಂತಿದೆ, ಹನಮಪ್ಪ ಕಾಕಾ ಕೈ ಬಿಡುತ್ತಿಲ್ಲ, ನಡೀ ಮನಿಗೆ, ಬಿ.ಎ. ಓದಿದ್ದು ಸಾಲಲಿಲ್ಲೇನು, ಕುಸ್ತಿ ಬ್ಯಾರೆ ಬೇಕೇನು — ಕುಸ್ತಿ ಅಲ್ಲ, ಐಕಿಡೊ, ಜಪಾನಿನ ಕೈವರಸೆ, ಎಂದು ಎದುರಿಗೆ ಹೇಳಿದವಳಲ್ಲ, ಡೈರಿಯಲ್ಲಿ ಮಾತ್ರ ನಾಲ್ಕು ಪುಟ ಜಗಳಾಡಿದ್ದಾಳೆ — ಅವನ ಹೆಬ್ಬೆರಳಿನಡಿ ಆರು ಹಸಿರು ಬಳೆ ಕಿರ್ ಎನ್ನುತ್ತಿವೆ, ಇನ್ನೊಂದು ಬಳಿ ಒಡೀತಂದ್ರ ಆ ಕ್ಲಾಸ್ ಮುಗೀತಂತ ತಿಳಿ, ಅವ್ವ ಹೇಳಿಬಿಟ್ಟಿದ್ದಾಳೆ, ಬರಿಗೈಲೆ ಹೊಸ್ತಿಲು ದಾಟುವಂತಿಲ್ಲ, ಬಳೆ ತೆಗೆದು ಬರ್ರಿ ಎಂದು ಹೇಳಿ ಹೇಳಿ ಮುಬಶಿರಾ ಟೀಚರ್ ಸೋತರು, ಪುಣೆಯಲ್ಲಿ ಕಲಿತು ಬಂದವರು, ಕುಂದಗೋಳದ ಖಾಲಿ ಶೇಂಗಾ ಗೋದಾಮಿನಲ್ಲಿ ಚೀಲದ ಮೇಲೆ ತಾಡಪತ್ರಿ ಹಾಸಿ ಕಲಿಸುವವರು, ಜೋಡಿಯ ಕೈ ಹಿಡಿಯಿರಿ ಎಂದರೆ ಹುಡುಗಿಯರೆಲ್ಲ ಮೊದಲು ತಪ್ಪು ತಿಳಿಬ್ಯಾಡವಾ ಎಂದು ಕೇಳಿಕೊಂಡು ಹಿಡಿಯುತ್ತಿದ್ದರು, ಆಮೇಲೆ ಜಗ್ಗಾಟ, ಚಟ್, ಮೊದಲ ತಿಂಗಳು ವಾರಕ್ಕೊಂದು ಬಳೆ, ಟೀಚರ್ ಚೂರು ಹೆಕ್ಕಿ ಸುಧಾರಾಣಿಯ ಅಂಗೈಯಲ್ಲಿಟ್ಟರು, ಬಳಿ ಒಡೀತಂದ್ರ ನೀ ಬರೇ ತೋಳಿನಿಂದ ಜಗ್ಗೀದಿ, ಮನಸ್ಸು ಎಲ್ಲಿತ್ತು — ಮನಸ್ಸು ಈಗ ಗಂಟಲಲ್ಲಿದೆ, ಇಳಿ, ಹೊಕ್ಕಳದ ಕೆಳಗೆ ಇಳಿ, ಉಸಿರು ಅಲ್ಲಿಂದ ಹೊರಡಲಿ, ಕೈ ಅದರ ಬೆನ್ನು ಹತ್ತಲಿ, ಗಾಡಿ ಕೂಗಿತು, ಇಪ್ಪತ್ಮೂರು ವರ್ಷ ಯಾರು ಕೈ ಹಿಡಿದರೂ ಹಿಂದಕ್ಕೆ ಎಳೆದುಕೊಂಡವಳು, ಎಳೆಯಲಿಲ್ಲ, ಕಾಕಾನ ಕಡೆಗೇ ಒಂದು ಹೆಜ್ಜೆ ಇಟ್ಟಳು, ಎಳೆಯುತ್ತಾಳೆಂದು ಕಾಲೂರಿ ನಿಂತವನ ಹಿಡಿತಕ್ಕೆ ಎದುರೆಳೆತವೇ ಇಲ್ಲ, ಅವನ ಪಕ್ಕಕ್ಕೆ ತಿರುಗಿದಳು, ಈಗ ಇಬ್ಬರೂ ನೋಡುತ್ತಿರುವುದು ಒಂದೇ ದಿಕ್ಕು, ಗಾಡಿಯ ದಿಕ್ಕು, ಬೆರಳುಗಳು ತಾವಾಗಿ ಬಿಚ್ಚಿದವು, ಕಾಕಾ ಎರಡು ಹೆಜ್ಜೆ ತಡವರಿಸಿ ಕಲ್ಲುಬೆಂಚಿನ ಮೇಲೆ ಕುಳಿತೇಬಿಟ್ಟ, ಪೇರಲ ಮಾರುವ ಮರೆವ್ವ ಬುಟ್ಟಿ ಸರಿಸಿ, ಬಾ ಹನಮಪ್ಪ, ಕುಂಡ್ರಾಕ ಚಲೋ ಜಾಗಾನ ಹಿಡದಿ, ಮಂದಿ ನಕ್ಕರು, ಸುಧಾರಾಣಿ ನಗಲಿಲ್ಲ, ಸಂಜಿ ಗಾಡಿಗೆ ಬರತೇನ್ರಿ ಕಾಕಾ, ಇದು ತನ್ನದೇ ದನಿಯೇ, ಇಷ್ಟು ಗಟ್ಟಿಯೇ, ಹತ್ತಿದಳು, ಬಾಗಿಲ ಸರಳು ಹಿಡಿದಳು, ಹೊಲ ಹಿಂದೆ ಸರಿಯುತ್ತಿದೆ, ಸಂಜೆ ಮನೆಯಲ್ಲಿ ಏನಾಗುತ್ತದೋ ಆಗಲಿ, ಅವ್ವ ಕೈ ನೋಡಲಿ, ಕಾಕಾನೂ ನೋಡಲಿ, ಮಣಿಕಟ್ಟು ಕೆಂಪಗಿದೆ, ಅದರ ಮೇಲೆ ಬಳೆ, ಹಸಿರು, ದುಂಡಗೆ, ಒಂದೂ ಬಿರುಕಿಲ್ಲ, ಆರು, ಆರೂ —